ಗುಂಪು ಒಡೆದ ಮೇಲೆ

ಚಿಕ್ಕೋಡಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನ ಆಫೀಸು. ಎಲ್ಲರಂತೆ ನಾನೂ ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಆಸ್ತಿಯ ವಾಟಣಿ, ಜೀವನಾಂಶದ ಅರ್ಜಿಗಳಿಂದ ವಕೀಲಿ ಶುರು ಮಾಡಿದವಳು. ಗುಂಪಿನ ಎದುರು ನಿಲ್ಲುವ ವಕೀಲೆ ಎಂಬ ಹೆಸರು ಆಮೇಲೆ ಬಂತು, ಅದೂ ನಾನು ಬಯಸಿದ್ದಲ್ಲ. ಕಾಗವಾಡ ಕಡೆಯ ದ್ರಾಕ್ಷಿ ಬೆಳೆಗಾರರು ಸೇರಿ ಒಬ್ಬ ಔಷಧಿ ಅಂಗಡಿಯವನ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಿದ್ದರು. ಅವನು ಕೊಟ್ಟ ಔಷಧಿ ಹೊಡೆದು ಬಳ್ಳಿಯ ಎಲೆಯೆಲ್ಲ ಸುಟ್ಟವೆಂದು ಅವರ ದೂರು. ಅಂಗಡಿಯವನು ನಮ್ಮ ಬೇಡಕಿಹಾಳದವನು, ದೂರದ ಸಂಬಂಧ, ಒಲ್ಲೆ ಎನ್ನಲಾಗಲಿಲ್ಲ. ಆ ಕೇಸು ಗೆದ್ದೆ.

ಗೆದ್ದದ್ದು ಹೇಗೆ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಒಂದೇ ಬಗೆಯ ಅನ್ಯಾಯವಾದ ಹಲವರು ಸೇರಿ, ತಮ್ಮಂಥ ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು. ಅದಕ್ಕೆ ಆಯೋಗದ ಅನುಮತಿ ಬೇಕು, ಅನುಮತಿ ಸಿಗಬೇಕಾದರೆ ಎಲ್ಲರ ಹಿತವೂ ಒಂದೇ ಆಗಿರಬೇಕು. ಎದುರು ವಕೀಲರ ಮೊದಲ ಕೆಲಸವೆಂದರೆ, ಅದು ಒಂದೇ ಅಲ್ಲ ಎಂದು ತೋರಿಸುವುದು. ಇವನ ಮಣ್ಣು ಕರಿ, ಅವನ ಮಣ್ಣು ಮಸಾರಿ; ಇವನು ಬಾವಿ ನೀರಿನಲ್ಲಿ ಕಲಸಿದ, ಅವನು ಕಾಲುವೆ ನೀರಿನಲ್ಲಿ; ಇವನು ಬೆಳಿಗ್ಗೆ ಹೊಡೆದ, ಅವನು ಬಿಸಿಲಿನಲ್ಲಿ. ಒಬ್ಬೊಬ್ಬರ ಗಾಯ ಬೇರೆ ಎಂದಾದರೆ ಗುಂಪು ತಾನೇ ಒಡೆಯುತ್ತದೆ. ಒಡೆದ ಮೇಲೆ ಆಯೋಗವಿರುವ ಬೆಳಗಾವಿಗೆ ಒಬ್ಬೊಬ್ಬರೇ ಓಡಾಡುವ ಚೈತನ್ಯ ಯಾರಿಗೂ ಇರುವುದಿಲ್ಲ. ಇದನ್ನು ವಕೀಲರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿದೆ.

ಅಲ್ಲಿಂದ ಮುಂದೆ ಹೀಗೆ ಒಟ್ಟಾಗಿ ದೂರು ಬಂದ ಅಂಗಡಿಕಾರರೆಲ್ಲ ನನ್ನ ಬೆಂಚಿನ ಮೇಲೆ ಬಂದು ಕೂರತೊಡಗಿದರು. ಮೊಬೈಲ್ ಕಾಲ ಬಂದಂತೆ ದೂರುಗಳ ಬಣ್ಣ ಬದಲಾಯಿತು. ಗಿರಾಕಿಗಳ ಆಧಾರ್ ಪ್ರತಿ ಬಳಸಿ ಬೇರೆಯವರಿಗೆ ಸಿಮ್ ಮಾರಿದ ಅಂಗಡಿ, ಮಕ್ಕಳ ತಂದೆತಾಯಿಯರ ನಂಬರುಗಳನ್ನೆಲ್ಲ ಯಾರಿಗೋ ಕೊಟ್ಟ ಟ್ಯೂಷನ್ ಕ್ಲಾಸು. ಖಾಸಗಿ ಮಾಹಿತಿಯ ಬಗ್ಗೆ ಹೊಸ ಕಾನೂನು ಬಂತು, ಅದರ ಪುಸ್ತಕ ತರಿಸಿ ಅಡಿಗೆರೆ ಎಳೆದು ಓದಿದೆ. ಈ ಸುತ್ತಿನ ತಾಲೂಕುಗಳಲ್ಲಿ ಅದನ್ನು ಹಾಗೆ ಓದಿದವರು ನಾನೊಬ್ಬಳೇ ಎಂಬ ಸಣ್ಣ ಜಂಬವೂ ನನಗಿತ್ತು.

ನಿಪ್ಪಾಣಿಯ ಅಕ್ಕೋರು ಬಂದದ್ದು ಆ ದಿನಗಳಲ್ಲಿ. ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದ ವಿಧವೆ, ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಮನೆಯ ಪಡಸಾಲೆಯಲ್ಲಿ ವಧು-ವರ ಸೂಚಕ ಕೇಂದ್ರ ನಡೆಸುತ್ತಿದ್ದರು. ಗಡಿಯ ಆಚೆ ಈಚೆ ಅವರು ಕೂಡಿಸಿದ ಜೋಡಿಗಳು ಎಷ್ಟೋ. ಒಂದು ತಗಡಿನ ಟ್ರಂಕಿನ ತುಂಬ ಮರಾಠಿಯಲ್ಲಿ ತುಂಬಿಸಿದ ಫಾರ್ಮುಗಳು. ಫಾರ್ಮಿನ ಕೊನೆಯಲ್ಲಿ 'ವಿಶೇಷ' ಎಂದೊಂದು ಕಾಲಂ. ಮನೆಯವರು ನಂಬಿ ಹೇಳಿದ್ದನ್ನು ಅಕ್ಕೋರು ಅಲ್ಲಿ ತಮ್ಮ ಕೈಯಿಂದಲೇ ಬರೆಯುತ್ತಿದ್ದರು: ಬೆನ್ನಿನ ಮೇಲೆ ಬಿಳಿ ಮಚ್ಚೆ ಇದೆ, ಮೂರ್ಛೆಯ ಗುಳಿಗೆ ನಡೆದಿದೆ, ತಂಗಿ ಬೇರೆ ಜಾತಿಯವನೊಡನೆ ಹೋಗಿದ್ದಾಳೆ. ಮಾತುಕತೆ ಒಂದು ಹಂತಕ್ಕೆ ಬಂದ ಮೇಲೆ ಮಾತ್ರ, ಹುಡುಗಿಯ ಮನೆಯವರನ್ನು ಕೇಳಿ, ಎದುರು ಮನೆಯವರ ಹಿರಿಯರೊಬ್ಬರಿಗೆ ಅದನ್ನು ಹೇಳುವುದು ಅವರ ರೀತಿ. ಇಷ್ಟು ವರ್ಷದಲ್ಲಿ ಒಂದು ಮಾತೂ ಆ ಟ್ರಂಕಿನಿಂದ ಹೊರಗೆ ಹೋಗಿರಲಿಲ್ಲ.

ಮೊಣಕಾಲಿನ ಆಪರೇಷನ್ನಿಗೆ ಅವರು ಆಸ್ಪತ್ರೆಯಲ್ಲಿದ್ದಾಗ, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುವ ಅಳಿಯ ಅತ್ತೆಗೆ ಸಹಾಯವಾಗಲಿ ಎಂದು ಟ್ರಂಕನ್ನೆಲ್ಲ ಸ್ಕ್ಯಾನ್ ಮಾಡಿದ. ಮೊಬೈಲಿನಲ್ಲೇ ನೋಡಬಹುದಾದ ಒಂದು ಲಿಂಕು ಮಾಡಿ ಫೀ ಕಟ್ಟಿದ ಮನೆಗಳಿಗೆ ಕಳಿಸಿದ. ಯಾರ ಕೈಗೆ ಲಿಂಕು ಸಿಕ್ಕರೂ ಅದು ತೆರೆದುಕೊಳ್ಳುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರಿ ಅದು ಒಂದೇ ವಾರದಲ್ಲಿ ಅಥಣಿಯವರೆಗೂ ಹೋಯಿತು, 'ವಿಶೇಷ' ಕಾಲಮ್ಮಿನ ಸಮೇತ. ಹನ್ನೊಂದು ಜನ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹುಡುಕಿಕೊಂಡು, ಆ ಟ್ರಂಕಿನಲ್ಲಿದ್ದ ಎಲ್ಲರ ಪರವಾಗಿ ಅಕ್ಕೋರ ಮೇಲೆ ಆಯೋಗಕ್ಕೆ ದೂರು ಕೊಟ್ಟರು.

ನೋಟಿಸು ಮೇಜಿನ ಮೇಲಿಟ್ಟು ಅಕ್ಕೋರು ಮೊದಲು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಹನ್ನೊಂದು ಮನಿ ಅದಾವ. ದಿನಕ್ಕೊಂದು ಮನಿಗೆ ಹೋಗಿ, ತಪ್ಪಾತು ಅಂತ ಕೈ ಮುಗದು ಬರ್ತೀನ್ರಿ. ಆಮ್ಯಾಲ ಕೋರ್ಟ್ ನೋಡೂಣು."

"ಅದೊಂದು ಮಾಡಬ್ಯಾಡ್ರಿ ಅಕ್ಕೋರ. ತಪ್ಪಾತು ಅಂದ್ರ ತಪ್ಪು ಒಪ್ಪಿಕೊಂಡಂಗ ಆಗತೈತಿ."

"ಆಗೈತೆಲ್ಲಾ ತಪ್ಪು," ಎಂದರು ಅವರು.

ತಪ್ಪು ಅಳಿಯನದು ಎಂದು ಬರೆದುಕೊಡುವ ದಾರಿಯೊಂದಿತ್ತು. ಕೇಳಿದ್ದಕ್ಕೆ ಅವರು ತಲೆ ಅಲ್ಲಾಡಿಸಿದರು. ಟ್ರಂಕು ತನ್ನದು, ಕೀಲಿಕೈ ಕೊಟ್ಟವಳು ತಾನು ಎಂದರು. ಉಳಿದದ್ದು ನನಗೆ ಗೊತ್ತಿದ್ದ ದಾರಿ. ಯಾರ ಮನೆಗೂ ಹೋಗಬೇಡಿ, ಯಾರಿಗೂ ಫೋನು ಮಾಡಬೇಡಿ ಎಂದು ಎರಡು ಸಲ ಹೇಳಿ ವಕಾಲತ್ತಿಗೆ ಸಹಿ ತೆಗೆದುಕೊಂಡೆ.

ಹನ್ನೊಂದು ಫಾರ್ಮುಗಳನ್ನು ಕನ್ನಡಕ್ಕೆ ಮಾಡಿ ಆಯೋಗಕ್ಕೆ ಕೊಡಬೇಕಿತ್ತು. ಬೇರೆ ಯಾರಿಗೋ ಕೊಡುವ ಬದಲು ನಾನೇ ಮಾಡಿದೆ. ನನ್ನ ತಾಯಿ ಗಡಿಯಾಚೆಯವರು. ಅಡುಗೆಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಆಡುತ್ತ ಬೆಳೆದವಳು ನಾನು. ಒಂದು ಮಧ್ಯಾಹ್ನ ಕೂತು ಹನ್ನೊಂದನ್ನೂ ಮುಗಿಸಿದೆ. ಆಮೇಲೆ ದೊಡ್ಡ ಹಾಳೆಯ ಮೇಲೆ ಹನ್ನೊಂದು ಚೌಕದ ಮನೆ ಕೊರೆದು ಒಬ್ಬೊಬ್ಬರ ಮುಂದೆ ಅವರ ಗಾಯವನ್ನು ಬರೆಯುತ್ತ ಹೋದೆ. ಕಬ್ಬೂರಿನವಳ ನಿಶ್ಚಯ ಮುರಿದಿತ್ತು. ತೆಲಸಂಗದವಳಿಗೆ ಮೂರ್ಛೆಯ ಗುಳಿಗೆ; ಅವಳು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಬೇಡವೆಂದರು. ಒಬ್ಬಳಿಗೆ ಅಪರಿಚಿತರ ಫೋನುಗಳು, ಇನ್ನೊಬ್ಬಳಿಗೆ ಸ್ವಂತ ಅತ್ತಿಗೆಯ ನಗೆ. ಗುಂಪು ಒಡೆಯಬೇಕಾದರೆ ಪ್ರತಿಯೊಬ್ಬರ ನೋವನ್ನೂ ಚೆನ್ನಾಗಿ ತಿಳಿಯಬೇಕು. ಹಾಗೆ ತಿಳಿಯುತ್ತ ಹೋದಂತೆ ಕುರ್ಚಿಯ ಮೇಲೆ ಕೂರಲಾಗುತ್ತಿರಲಿಲ್ಲ. ನಾಲ್ಕು ಸಾಲು ಬರೆದು ಎದ್ದು ಹೊರಗೆ ಹೋಗಿ, ಅರ್ಧ ಚಹಾ ಕುಡಿದು, ಕಪ್ಪು ಅಲ್ಲೇ ಬಿಟ್ಟು ಬರುತ್ತಿದ್ದೆ. ಮಾಡುತ್ತಿರುವುದು ಕಾನೂನಿನ ಕೆಲಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಏಳನೆಯ ಫಾರ್ಮು ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಸರಕಾರಿ ನರ್ಸ್ ಆಗಿದ್ದವಳದು. ದೂರಿನಲ್ಲಿ ಅವಳ ಹೆಸರೇ ಮೊದಲು. ಅವಳ 'ವಿಶೇಷ' ಕಾಲಮ್ಮಿನಲ್ಲಿ ಅಕ್ಕೋರು ಎರಡೇ ಮಾತು ಬರೆದಿದ್ದರು: "ನವರಾ ಸೋಡಲೇಲಿ. ಮೂಲ ನಾಹಿ." ಗಂಡ ಬಿಟ್ಟವಳು, ಮಕ್ಕಳಿಲ್ಲ ಎಂದು ಬರೆದುಕೊಂಡೆ. ಹಾಳೆಯ ಮನೆಗೆ ಇಳಿಸುವಾಗ ಅದು 'ಮಕ್ಕಳಾಗದ ಕಾರಣ ಗಂಡ ಬಿಟ್ಟವಳು' ಎಂದಾಯಿತು. ಹಾಗೆ ಬರೆದರೆ ಅವಳ ಗಾಯ ಉಳಿದ ಹತ್ತು ಜನರ ಗಾಯದಿಂದ ಸ್ಪಷ್ಟವಾಗಿ ಬೇರೆ ಕಾಣುತ್ತಿತ್ತು. ಎರಡು ಮಾತುಗಳ ನಡುವೆ ಅಕ್ಕೋರು ಇಟ್ಟಿದ್ದ ಚುಕ್ಕೆಯನ್ನು ನಾನು ತೆಗೆದುಹಾಕಿದ್ದೆ ಎಂಬುದು ಆಗ ಗಮನಕ್ಕೇ ಬರಲಿಲ್ಲ.

ವಾದದ ದಿನ ಬೆಳಗಾವಿಯಲ್ಲಿ ಒಂದು ಗಂಟೆ ಮಾತಾಡಿದೆ. ಹನ್ನೊಂದು ಗಾಯಗಳನ್ನೂ ಒಂದೊಂದಾಗಿ ಹೇಳಿದೆ. ಎದುರು ವಕೀಲರು ಅಥಣಿಯವರು, ಮರಾಠಿ ಬಾರದು, ನನ್ನ ಭಾಷಾಂತರವನ್ನೇ ಓದಿ ಬಂದಿದ್ದರು. ದೂರುದಾರರಲ್ಲಿ ನಾಲ್ಕೇ ಜನ ಬಂದಿದ್ದರು. ನರ್ಸಿಗೆ ಅಂದು ಹಳ್ಳಿಯಲ್ಲಿ ಲಸಿಕೆಯ ದಿನವಂತೆ, ಅವಳು ಬಂದಿರಲಿಲ್ಲ. ಕೆಲವು ವಾರಗಳಲ್ಲಿ ಆದೇಶ ಬಂತು. ಹಿತ ಒಂದೇ ಅಲ್ಲ, ಒಟ್ಟಾಗಿ ದೂರು ನಡೆಸಲು ಅನುಮತಿ ಇಲ್ಲ, ಬೇಕಾದವರು ಬೇರೆ ಬೇರೆಯಾಗಿ ಬರಬಹುದು. ನಾನು ಹೇಳಿದ ವಾದವನ್ನು ಆದೇಶದಲ್ಲಿ ಹೆಚ್ಚುಕಡಿಮೆ ನನ್ನ ಮಾತಿನಲ್ಲೇ ದಾಖಲಿಸಿದ್ದರು.

ಅಕ್ಕೋರಿಗೆ ಫೋನು ಮಾಡಿ ಹೇಳಿದೆ. ಹಂಗಾರ ಈಗ ಅವರ ಮನಿಗೆ ಹೋಗಬಹುದೇನ್ರಿ ಎಂದು ಕೇಳಿದರು. ಇನ್ನೂ ಬೇಡ, ಬೇರೆ ಬೇರೆ ದೂರು ಬಂದರೂ ಬರಬಹುದು ಎಂದೆ.

ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ, ಆಫೀಸಿನ ಬಾಗಿಲು ತೆಗೆದು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದೆ. ನೀಲಿ ಅಂಚಿನ ಬಿಳಿ ಸೀರೆಯ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು. ಹೆಗಲಿಗೆ ಲಸಿಕೆಯ ಚೀಲ, ಮೂವತ್ತೈದರ ಆಸುಪಾಸು. ಹೆಸರು ಹೇಳಿದಳು, ಏಳನೆಯ ಫಾರ್ಮಿನವಳು. ಕೇಸಿನ ವಿಷಯವಿದ್ದರೆ ನಿಮ್ಮ ವಕೀಲರ ಮುಖಾಂತರ ಬರಬೇಕೆಂದು ನಾನು ಹೇಳತೊಡಗಿದೆ.

"ಅವರು ಮರಾಠಿ ಓದಾಂಗಿಲ್ರಿ. ನೀವು ಓದತೀರಿ," ಎಂದು ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಮೊಬೈಲಿನಲ್ಲಿ ಆದೇಶವನ್ನು ತೆರೆದು ನನ್ನ ಕಡೆ ಹಿಡಿದಳು. ತನ್ನ ಹೆಸರು ಹಾಕಿ ಹುಡುಕಿದರೆ ಇದೇ ಮೊದಲು ಬರುತ್ತದೆಂದು ಜೊತೆಯ ನರ್ಸೊಬ್ಬಳು ತೋರಿಸಿದ್ದಳಂತೆ. ಬಸ್ಸಿನಲ್ಲಿ ನಿಂತು ಓದಿದಳಂತೆ.

"ಇದರಾಗ ನನ್ನ ಬಗ್ಗೆ ಸುಳ್ಳು ಬರದೈತ್ರಿ. ನನ್ನನ್ನ ಯಾರೂ ಬಿಟ್ಟಿಲ್ಲ. ನಾನ ಬಿಟ್ಟಾಕಿ."

ಅವಳ ದನಿ ಏರಲಿಲ್ಲ. ಮಕ್ಕಳ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದಳು. ಗಂಡ ಹೊಡೆಯುತ್ತಿದ್ದ, ಮೂರು ವರ್ಷ ತಾಳಿಕೊಂಡಳು, ಒಂದು ದಿನ ಡ್ಯೂಟಿಗೆಂದು ಚೀಲ ತಗೊಂಡು ಹೊರಟವಳು ತಿರುಗಿ ಹೋಗಲಿಲ್ಲ. ಫಾರ್ಮಿನಲ್ಲಿ ಅದನ್ನು ಸರಿಯಾಗಿಯೇ ಬರೆಸಿದ್ದಳು, ಅಕ್ಕೋರು ಅದನ್ನು ಓದಿಯೂ ತೋರಿಸಿದ್ದರು.

"ಲಿಂಕಿನ್ಯಾಗ ಬಂದಾಗ ಸಿಟ್ಟು ಬಂತು, ಕೇಸ್ ಹಾಕಿದೆ. ಆದರ ಅದು ಖರೇನ ಇತ್ರಿ. ಇದು ಬ್ಯಾರೆ. ನನ್ನ ಬಾಳಿನ್ಯಾಗ ನಾನ ಅಂತ ಮಾಡಿದ ಕೆಲಸ ಅದೊಂದ. ಅದನ್ನ ನೀವು ಅವನ ಹೆಸರಿಗೆ ಬರದೀರಿ."

ಕಾಗದಪತ್ರ ನೋಡಿ ತಿಳಿಸುತ್ತೇನೆ ಎಂದೆ. ವಕೀಲರು ಹಾಗೆ ಹೇಳುವುದು ಯಾಕೆಂದು ಅವಳಿಗೆ ಗೊತ್ತಿದ್ದಂತಿತ್ತು. ಎದ್ದು, ರಾಯಬಾಗದ ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಕಪಾಟಿನಿಂದ ಫಾರ್ಮಿನ ಪ್ರತಿ ತೆಗೆದು ನಿಂತೇ ಓದಿದೆ. ನವರಾ ಸೋಡಲೇಲಿ. ಮನೆಗೆ, ತಾಯಿಗೆ ಫೋನು ಹಚ್ಚಿ ಇದರ ಅರ್ಥವೇನು ಎಂದು ಕೇಳಿದೆ.

"ಗಂಡನ್ನ ಬಿಟ್ಟ ಬಂದಾಕಿ," ಎಂದಳು ಅವ್ವ. "ಅಂವಾ ಬಿಟ್ಟಿದ್ರ ನವರ್ಯಾನೆ ಸೋಡಲೇಲಿ ಅಂತಿದ್ರು. ಯಾಕ, ಇಷ್ಟೂ ಮರತಿ ಏನು?"

ಮರೆತಿರಲಿಲ್ಲ. ಒಂದು ಪ್ರತ್ಯಯ ಇದೆಯೋ ಇಲ್ಲವೋ ಎಂಬುದರ ಮೇಲೆ ಬಿಟ್ಟವರು ಯಾರು ಎಂಬುದು ನಿಂತಿತ್ತು, ಮರಾಠಿಯಲ್ಲೂ ಕನ್ನಡದಲ್ಲೂ. ಗಂಡನನ್ನು ಬಿಟ್ಟವಳು ಎಂದು ಬರೆಯಬೇಕಾದ ಕಡೆ ಗಂಡ ಬಿಟ್ಟವಳು ಎಂದು ಬರೆದೆ. ಕೈ ತಾನಾಗಿ ಆ ಕಡೆ ಹೋಗಿತ್ತು, ಯಾಕೆಂದರೆ ನನ್ನ ಕಿವಿಯಲ್ಲಿ ಬಿಡುವವನು ಯಾವಾಗಲೂ ಗಂಡನೇ. ಮಕ್ಕಳಿಲ್ಲ ಎಂದು ಅಕ್ಕೋರು ಬರೆದದ್ದು, ಎರಡನೇ ಸಂಬಂಧ ನೋಡುವವರು ಮೊದಲು ಕೇಳುವುದು ಅದನ್ನೇ ಎಂದು. ನಾನು ಅದನ್ನು ಕಾರಣ ಮಾಡಿದೆ. ಲಿಂಕನ್ನು ಅಳಿಯ ಎಂದೋ ಮುಚ್ಚಿದ್ದ. ನನ್ನ ವಾಕ್ಯ ಮಾತ್ರ ಅವಳ ಹೆಸರಿನ ಜೊತೆ ಯಾರು ಬೇಕಾದರೂ ಓದುವ ಜಾಗದಲ್ಲಿ ಕೂತಿತ್ತು. ಖಾಸಗಿ ಮಾಹಿತಿಯ ಕಾನೂನಿಗೆ ಅಡಿಗೆರೆ ಎಳೆದು ಓದಿದವಳು ನಾನು. ಮಾಹಿತಿ ಗುಟ್ಟಾಗಿರಬೇಕು ಎಂಬುದಷ್ಟೇ ಅದರಲ್ಲಿ ಇಲ್ಲ, ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕೂ ಇದೆ. ಆ ಸಾಲಿಗೆ ನಾನು ಗೆರೆ ಎಳೆದಿರಲಿಲ್ಲ.

ಆ ವಾರವೆಲ್ಲ ಒಂದು ಕಡೆ ನಿಲ್ಲಲಾಗಲಿಲ್ಲ. ಕೋರ್ಟಿನಲ್ಲಿ ಬೇರೆಯವರ ಕೇಸು ನಡೆಯುವಾಗ ಎದ್ದು ವರಾಂಡಕ್ಕೆ ಹೋಗುವುದು, ಬಸ್ ಸ್ಟ್ಯಾಂಡಿನ ತನಕ ನಡೆದು ಏನೂ ಕೆಲಸವಿಲ್ಲದೆ ತಿರುಗಿ ಬರುವುದು. ಆದೇಶದಲ್ಲಿ ಕಣ್ಣಿಗೆ ಕಾಣುವಂಥ ತಪ್ಪಿದ್ದರೆ ಮೂವತ್ತು ದಿನದೊಳಗೆ ಅದೇ ಆಯೋಗಕ್ಕೆ ತಿದ್ದಲು ಕೇಳಬಹುದು, ಯಾವ ಪಕ್ಷದವರಾದರೂ ಸರಿ. ಗೆದ್ದವರು ಕೇಳಿದ್ದನ್ನು ನಾನಂತೂ ನೋಡಿರಲಿಲ್ಲ. ಹಾಗೆ ಕೇಳಿದರೆ ನನ್ನ ಹಾಳೆಯ ಉಳಿದ ಹತ್ತು ಮನೆಗಳ ಮೇಲೂ ಸಂಶಯ ಬರಬಹುದು, ಗೆದ್ದದ್ದು ಕೈಬಿಡಬಹುದು. ಅಕ್ಕೋರ ಒಪ್ಪಿಗೆ ಇಲ್ಲದೆ ನಾನು ಹೆಜ್ಜೆ ಇಡುವಂತಿರಲಿಲ್ಲ.

ನಿಪ್ಪಾಣಿಗೆ ಹೋದೆ. ಪಡಸಾಲೆಯಲ್ಲಿ ಅಕ್ಕೋರು ಕಾಲು ಚಾಚಿ ಕೂತಿದ್ದರು, ಅಳಿಯ ಬಾಗಿಲಿಗೆ ಒರಗಿ ನಿಂತಿದ್ದ. ನಡೆದದ್ದನ್ನು ಹೇಳಿದೆ. ತಪ್ಪು ನನ್ನದು, ತಿದ್ದಲು ಹೋದರೆ ನಿಮಗೆ ನಷ್ಟವಾದರೂ ಆಗಬಹುದು, ಬೇಕಾದರೆ ಬೇರೆ ವಕೀಲರನ್ನು ಹಿಡಿಯಿರಿ ಎಂದೆ.

"ಗೆದ್ದ ಕೇಸ್ ಯಾಕ ಕೆದಕತೀರಿ ಮೇಡಂ," ಎಂದ ಅಳಿಯ. "ಮಂದಿ ನಾಕ ದಿನಕ್ಕ ಮರೀತಾರ."

ಅಕ್ಕೋರು ಅವನ ಕಡೆ ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು ನನ್ನ ಭಾಷಾಂತರವನ್ನು ಇಸಿದುಕೊಂಡು ಓದಿದರು. ಓದಿ ಬೆರಳಿನಿಂದ ಆ ಜಾಗ ತೋರಿಸಿ, ತಮ್ಮ ಶಾಲೆಯ ಹುಡುಗಿ ಹೀಗೆ ಬರೆದಿದ್ದರೆ ಹತ್ತು ಸಲ ಬರೆಸುತ್ತಿದ್ದೆ ಎಂದರು. ನಗಲಿಲ್ಲ. ಅರ್ಜಿ ಎಲ್ಲಿದೆ ಎಂದು ಕೇಳಿ ಸಹಿ ಮಾಡಿದರು.

ಬೆಳಗಾವಿಯಲ್ಲಿ ನನ್ನ ಸರದಿ ಬಂದಾಗ ಅಧ್ಯಕ್ಷರು ಅರ್ಜಿಯನ್ನು ಎರಡು ಸಲ ತಿರುವಿ ನೋಡಿದರು.

"ಆದೇಶ ನಿಮ್ಮ ಪರವಾಗಿ ಆಗಿದೆಯಲ್ಲ. ನಿಮಗೇನು ತೊಂದರೆ?"

"ಆ ವಾಕ್ಯ ಸಾಕ್ಷ್ಯದಲ್ಲಿ ಇಲ್ಲ. ಅದು ನಾನು ಹೇಳಿದ್ದು. ಭಾಷಾಂತರವನ್ನೂ ನಾನೇ ಮಾಡಿದ್ದು, ತಪ್ಪು ಮಾಡಿದ್ದೇನೆ," ಎಂದೆ.

ಅಥಣಿಯ ವಕೀಲರು ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದರು. ನಾನು ಎರಡು ಭಾಷೆಯ ವಾಕ್ಯಗಳನ್ನೂ ಹೇಳಿ ವ್ಯತ್ಯಾಸ ತೋರಿಸಿದೆ. ಜೊತೆಗೆ, ಹನ್ನೊಂದು ಜನರ ಹೆಸರಿನ ಬದಲು ಕ್ರಮಸಂಖ್ಯೆ ಹಾಕಬೇಕೆಂದೂ ಕೇಳಿದೆ. ಅಧ್ಯಕ್ಷರು ಎರಡೂ ಕೇಳಿಕೆಗಳನ್ನು ಒಪ್ಪಿದರು. ಅನುಮತಿ ಇಲ್ಲ ಎಂಬ ಮೂಲ ತೀರ್ಮಾನ ಹಾಗೇ ಉಳಿಯಿತು. ಗುಂಪು ಒಡೆದದ್ದು ಒಡೆದೇ ಇತ್ತು.

ಚಿಕ್ಕೋಡಿಯ ವಕೀಲರ ಕೋಣೆಯಲ್ಲಿ ಕೆಲವು ದಿನ ಇದೇ ಮಾತು. ಸ್ವಂತ ಕಾಲಿಗೆ ಕೊಡಲಿ ಹಾಕಿಕೊಂಡಳು ಎಂದರು ಕೆಲವರು. ಟ್ಯೂಷನ್ ಕ್ಲಾಸಿನವನು ಬಂದು ತನ್ನ ಫೈಲು ಇಸಿದುಕೊಂಡು ಹೋದ. ನನಗೆ ಅದರಿಂದ ಸಮಾಧಾನವಾಗಲಿಲ್ಲ, ಬೇಸರವೂ ಆಗಲಿಲ್ಲ.

ತಿದ್ದಿದ ಆದೇಶ ಬಂದ ಮೇಲೆ ಅಕ್ಕೋರು ನನ್ನನ್ನು ಕೇಳಲು ಹೋಗಲಿಲ್ಲ. ಅಳಿಯನ ಗಾಡಿಯಲ್ಲಿ ಕೂತು ಮನೆ ಮನೆಗೆ ಹೊರಟರು. ಪ್ರತಿ ಮನೆಗೂ ಅವರ ಮೂಲ ಫಾರ್ಮನ್ನು ತಗೊಂಡು ಹೋದರು. ತಿರುಗಿ ಬಂದಾಗಲೆಲ್ಲ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಕಬ್ಬೂರಿನಲ್ಲಿ ಚಹಾ ಕೊಟ್ಟು, ಮಳೆ, ಕಬ್ಬು, ಮೊಣಕಾಲು ಎಲ್ಲ ಮಾತಾಡಿ, ಬಂದ ವಿಷಯವನ್ನು ಮಾತ್ರ ಎತ್ತಗೊಡಲಿಲ್ಲವಂತೆ. ತೆಲಸಂಗದಲ್ಲಿ ಹುಡುಗಿಯ ತಂದೆ ಹೊಸ್ತಿಲ ಹೊರಗೇ ನಿಲ್ಲಿಸಿ ಫಾರ್ಮು ಕಸಿದುಕೊಂಡು ಬಾಗಿಲು ಹಾಕಿಕೊಂಡರಂತೆ. ಅವಳ ಕೆಲಸ ಹೋದದ್ದು ಹೋಯಿತು, ಅದನ್ನು ಯಾರೂ ತಿದ್ದಲಿಲ್ಲ.

ರಾಯಬಾಗದ ಕಡೆಗೆ ಹೋದ ದಿನ ಅಕ್ಕೋರ ದನಿ ಬೇರೆಯಿತ್ತು. ನರ್ಸು ಅವರನ್ನು ಒಳಗೆ ಕರೆದು ಕೂಡಿಸಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವರ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಳಂತೆ. ಉಪ್ಪು, ಉಪ್ಪಿನಕಾಯಿ ಬಿಡಬೇಕೆಂದು ಗದರಿಸಿದಳಂತೆ. ಅಕ್ಕೋರು ಕೈ ಮುಗಿದಾಗ ಅವಳು ತಡೆಯಲಿಲ್ಲ, ಸರಿ ಎನ್ನಲೂ ಇಲ್ಲ. ಫಾರ್ಮನ್ನು ತಗೊಂಡು ಮಡಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಹೊಸ ಸಂಬಂಧ ನೋಡಲೇನು ಎಂದು ಕೇಳಿದ್ದಕ್ಕೆ, ಬೇಕೆನಿಸಿದರೆ ತಾನೇ ಬರುತ್ತೇನೆ, ಬಂದರೆ ತಾನೇ ಬರೆಯುತ್ತೇನೆ ಎಂದಳಂತೆ.

ಅವಳು ಬೇರೆ ದೂರು ಕೊಡಲಿಲ್ಲ. ಹನ್ನೊಂದು ಜನರಲ್ಲಿ ಮೂವರು ಕೊಟ್ಟರು. ಇಬ್ಬರೊಡನೆ ರಾಜಿಯಾಯಿತು, ರಾಜಿಯಾಗಿರೆಂದು ಅಕ್ಕೋರಿಗೆ ನಾನೇ ಹೇಳಿದೆ. ಮೂರನೆಯದು ನಡೆದಿದೆ. ಉಳಿದವರು ಸುಮ್ಮನಾದರು. ಅವರು ಸುಮ್ಮನಾಗುತ್ತಾರೆ ಎಂಬ ಲೆಕ್ಕದ ಮೇಲೆಯೇ ನಾನು ಗೆದ್ದದ್ದು. ಬಸ್ಸಿನಲ್ಲಿ ಯಾರಾದರೂ ಹೆಣ್ಣುಮಗಳು ತುಸು ಹೊತ್ತು ನನ್ನ ಮುಖ ನೋಡಿದರೆ, ಇವಳು ಆ ಹನ್ನೊಂದರಲ್ಲಿ ಒಬ್ಬಳೋ ಏನೋ ಎಂದು ಕಿಟಕಿಯ ಕಡೆ ತಿರುಗುತ್ತೇನೆ.

ಅಂಗಡಿಕಾರರು ಈಗಲೂ ಬರುತ್ತಾರೆ, ಮೊದಲಿನಷ್ಟಲ್ಲ. ಕೆಲವರ ಕೇಸು ಹಿಡಿಯುತ್ತೇನೆ. ದೊಡ್ಡ ಹಾಳೆಯ ಮೇಲೆ ಮನೆ ಕೊರೆಯುವುದನ್ನು ಬಿಟ್ಟಿಲ್ಲ, ಅದು ನನ್ನ ಕಸುಬು. ಆದರೆ ಯಾರ ಬಗ್ಗೆ ಒಂದು ವಾಕ್ಯ ಬರೆಯಲಿ, ಬರೆದು ಎದ್ದು, ಒಂದು ಸುತ್ತು ಹಾಕಿ ಬಂದು ಮತ್ತೆ ಓದುತ್ತೇನೆ. ಕೆಲಸ ನಿಧಾನವಾಗಿದೆ.

ಆಯೋಗದ ಜಾಲತಾಣದಲ್ಲಿ ಈಗ ತಿದ್ದಿದ ಆದೇಶವೇ ಇದೆ. ತೀರ್ಪುಗಳನ್ನು ಕೂಡಿಸಿಡುವ ಒಂದು ಖಾಸಗಿ ತಾಣ ಮಾತ್ರ ಹಳೆಯದನ್ನು, ಹೆಸರಿನ ಸಮೇತ, ಅದಕ್ಕೂ ಮೊದಲೇ ನಕಲು ಮಾಡಿಕೊಂಡುಬಿಟ್ಟಿತ್ತು. ತೆಗೆಯಿರಿ ಎಂದು ಬರೆದೆ. ಯಾವ ಅಧಿಕಾರದಿಂದ ಕೇಳುತ್ತೀರಿ ಎಂದು ಉತ್ತರ ಬಂತು. ತಿದ್ದಿದ ಆದೇಶದ ಪ್ರತಿ ಹಚ್ಚಿ ಮತ್ತೆ ಬರೆದೆ, ಪರಿಶೀಲನೆಯಲ್ಲಿದೆ ಎಂದರು. ನರ್ಸಿಗೆ ಇದನ್ನು ಹೇಳಬೇಕೋ ಬೇಡವೋ ತಿಳಿಯದೆ ಎರಡು ತಿಂಗಳು ತಡೆದು, ಕೊನೆಗೆ ಫೋನು ಮಾಡಿ ಹೇಳಿದೆ. ಗೊತ್ತೈತ್ರಿ, ನಾನೂ ನೋಡತಿರತೀನಿ ಎಂದಳು. ನಾನು ಮೂರನೇ ಪತ್ರ ಬರೆದಿದ್ದೇನೆ. ನಿನ್ನೆ ಕೋರ್ಟಿಗೆ ಹೋಗುವ ಮೊದಲು ಅವಳ ಹೆಸರು ಹಾಕಿ ನೋಡಿದೆ. ಇನ್ನೂ ಇತ್ತು.